ನರಸೌಂದರ್ಯಶಾಸ್ತ್ರ

ನರಸೌಂದರ್ಯಶಾಸ್ತ್ರವು ಚಿತ್ರ, ಶಿಲ್ಪ, ಸಂಗೀತ ಮೊದಲಾದ ಕಲೆಗಳನ್ನು ಆಸ್ವಾದಿಸುವಾಗ ಮಿದುಳಿನಲ್ಲಿ ನಡೆಯುವ ಕ್ರಿಯೆಗಳನ್ನು ಅಧ್ಯಯನ ಮಾಡುವ ಜ್ಞಾನಶಾಖೆ. ನರವಿಜ್ಞಾನಿ ಸೆಮಿರ್ ಝೆಕಿ ಇದರ ಪ್ರವರ್ತಕರಲ್ಲಿ ಪ್ರಮುಖರು.

ತಾತ್ತ್ವಿಕ ಹಿನ್ನೆಲೆ

ರಂಗದ ಮೇಲಿನ ದುಃಖವು ಪ್ರೇಕ್ಷಕನಿಗೆ ಆನಂದ ನೀಡುವುದು ಹೇಗೆ? ಭಟ್ಟನಾಯಕ, ಅಭಿನವಗುಪ್ತರು ಇದನ್ನು ಸಾಧಾರಣೀಕರಣದಿಂದ ವಿವರಿಸಿದರು. ಆ ದುಃಖವು ಯಾರೊಬ್ಬರ ಸ್ವಂತದ್ದಾಗಿಯೂ ಉಳಿಯದ ಕಾರಣ ಸಹೃದಯನಿಗೆ ಅದು ರಸವಾಗಿ ಪರಿಣಮಿಸುತ್ತದೆ. ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1790ರಲ್ಲಿ, ಸೌಂದರ್ಯದಿಂದ ದೊರೆಯುವ ಆನಂದವು ವಸ್ತುವನ್ನು ಪಡೆಯುವ ಬಯಕೆಯಿಂದ ಮುಕ್ತವಾದುದೆಂದು ಪ್ರತಿಪಾದಿಸಿದನು.

ಪ್ರಯೋಗಗಳು

ಕವಾಬಾಟ ಮತ್ತು ಝೆಕಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೀಕ್ಷಕರು ಸುಂದರವೆಂದು ಗುರುತಿಸಿದ ಚಿತ್ರಗಳನ್ನು ನೋಡುವಾಗ ಕಣ್ಣುಗುಳಿಗಳ ಮೇಲ್ಭಾಗದಲ್ಲಿರುವ ಮಿದುಳಿನ ಮುಂಭಾಗವು ಹೆಚ್ಚು ಸಕ್ರಿಯವಾಗಿತ್ತು. ಮೆಚ್ಚಿನ ಸಂಗೀತ ಕೇಳಿ ರೋಮಾಂಚನವಾದಾಗ ಮಾತ್ರವಲ್ಲ, ಆ ಘಳಿಗೆಯ ನಿರೀಕ್ಷೆಯಲ್ಲಿಯೂ ಡೋಪಮಿನ್ ಬಿಡುಗಡೆಯಾಗುತ್ತದೆಂದು 2011ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ತೋರಿಸಿದರು.

ಮಿತಿಗಳು

ಆಹಾರ ಅಥವಾ ಹಣ ದೊರೆತಾಗಲೂ ಬಹುಮಟ್ಟಿಗೆ ಇವೇ ಭಾಗಗಳು ಸಕ್ರಿಯವಾಗುತ್ತವೆ. ಹಾಗಾದರೆ ಕಲಾನಂದವೂ ಒಂದು ಬಗೆಯ ಹಸಿವೆಯೇ, ಅಥವಾ ಕಾಂಟ್ ಹೇಳಿದಂತೆ ಅದು ಬೇರೆಯೇ ಎಂಬ ಪ್ರಶ್ನೆಯನ್ನು ಮಿದುಳಿನ ಚಿತ್ರಣವೊಂದರಿಂದಲೇ ನಿರ್ಣಯಿಸಲಾಗದು. ಆನಂದವು ಮಿದುಳಿನ ಯಾವ ಭಾಗದಲ್ಲಿ ವ್ಯಕ್ತವಾಗುತ್ತದೆ ಎಂಬುದನ್ನು ವಿಜ್ಞಾನ ತಿಳಿಸಬಲ್ಲದು. ಒಂದು ಕೃತಿ ಏಕೆ ಶ್ರೇಷ್ಠ ಎಂಬುದು ಇಂದಿಗೂ ತತ್ತ್ವಶಾಸ್ತ್ರ ಮತ್ತು ವಿಮರ್ಶೆಯ ವಿಷಯವಾಗಿಯೇ ಉಳಿದಿದೆ.