ಪ್ರೊಸೆಸರ್ ಆಮೇಲೆ ನೋಡೋಣ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಯಾವ ಅಂಗಡಿಗೆ ಹೋಗಿ ‘ಗೇಮಿಂಗ್ ಪಿಸಿಗೆ ಸಾಮಾನು ಬೇಕು’ ಅಂದರೂ ಸಾಮಾನ್ಯವಾಗಿ ಎದುರಾಗುವ ಮೊದಲ ಪ್ರಶ್ನೆ ‘ಬಜೆಟ್ ಎಷ್ಟು?’. ಎರಡನೆಯದು ‘ಐ5 ಬೇಕಾ, ಐ7 ಬೇಕಾ?’. ಮೊದಲನೆಯದು ನ್ಯಾಯವಾದ ಪ್ರಶ್ನೆ. ಎರಡನೆಯದಕ್ಕೆ ಅವಸರದಲ್ಲಿ ಉತ್ತರ ಕೊಡಬೇಡಿ. ಆಟಕ್ಕೂ ಕೋಡಿಂಗಿಗೂ ಒಂದೇ ಯಂತ್ರ ಸಾಕು ಎನ್ನುವವರು ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಪ್ರೊಸೆಸರ್ ವಿಚಾರದಲ್ಲಿ, ದುಡ್ಡು ಕಳೆಯುವುದೂ ಅಲ್ಲೇ. ಆಟ ಕೇಳುವುದು ಗ್ರಾಫಿಕ್ಸ್ ಕಾರ್ಡನ್ನು, ಕೋಡಿಂಗ್ ಕೇಳುವುದು ರ‍್ಯಾಮನ್ನು. ಇವೆರಡಕ್ಕೂ ದುಡ್ಡು ಉಳಿಯುವಂಥ ಪ್ರೊಸೆಸರ್ ಆರಿಸಿಕೊಂಡರೆ ಸಾಕು.

ಹಾಗಾದರೆ ಶುರು ಎಲ್ಲಿಂದ? ಮಾನಿಟರ್‌ನಿಂದ. 1920×1080 ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ, 2560×1440ರಲ್ಲಿ 36.9 ಲಕ್ಷ, 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. 60 ಹರ್ಟ್ಸ್ ಮಾನಿಟರಿಗೆ ಗ್ರಾಫಿಕ್ಸ್ ಕಾರ್ಡ್ ಒಂದು ಚಿತ್ರವನ್ನು ಸುಮಾರು 16.7 ಮಿಲಿಸೆಕೆಂಡಿನೊಳಗೆ ಬರೆದು ಮುಗಿಸಬೇಕು. 144 ಹರ್ಟ್ಸ್ ಆದರೆ ಸಿಗುವ ಸಮಯ 6.9 ಮಿಲಿಸೆಕೆಂಡ್ ಮಾತ್ರ. ಎಂಥ ಕಾರ್ಡ್ ಬೇಕು ಅನ್ನುವುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಎರಡು ಅಂಕಿಗಳೇ. ಕೋಡ್ ಬರೆಯುವವರ ಕಣ್ಣಿನ ಮಾತೂ ಇದೆ. 27 ಇಂಚಿನ 1080ಪಿ ಮಾನಿಟರಿನಲ್ಲಿ ಅಕ್ಷರದ ಅಂಚುಗಳು ಒರಟಾಗಿ ಕಾಣುತ್ತವೆ, ಕನ್ನಡದ ಒತ್ತಕ್ಷರಗಳಂತೂ ಇನ್ನಷ್ಟು. ದಿನಕ್ಕೆ ಏಳೆಂಟು ಗಂಟೆ ಓದುವವರು 24 ಇಂಚಿಗೆ 1080ಪಿ, 27 ಇಂಚಿಗೆ 1440ಪಿ ಎಂದು ಇಟ್ಟುಕೊಂಡರೆ ಒಳ್ಳೆಯದು.

ಈಗ ಗ್ರಾಫಿಕ್ಸ್ ಕಾರ್ಡ್. ಮೊದಲ ಯಂತ್ರದ ಬಜೆಟ್ಟಿನಲ್ಲಿ ಇದರ ಪಾಲೇ ದೊಡ್ಡದಿರಲಿ. ಕಾರ್ಡಿನ ಹೆಸರಿನ ಜೊತೆಗೆ ಅದರ ಸ್ವಂತ ಮೆಮೊರಿ, ಅಂದರೆ ವಿರ‍್ಯಾಮ್ ಎಷ್ಟಿದೆ ನೋಡಿ. ಆರ್‌ಟಿಎಕ್ಸ್ 5060 ಬರುವುದು 8 ಜಿಬಿಯಲ್ಲಿ. 5060 ಟಿಐ ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಹಾಗೂ 16 ಜಿಬಿ ರೂಪಗಳಲ್ಲಿ ಸಿಗುತ್ತವೆ. ಹೆಸರು ಒಂದೇ, ಡಬ್ಬಿಯ ಮೂಲೆಯ ಸಣ್ಣ ಅಂಕಿ ಮಾತ್ರ ಬೇರೆ. ವ್ಯಾಲರಂಟ್, ಕೌಂಟರ್-ಸ್ಟ್ರೈಕ್ ಆಡುವವರಿಗೆ 8 ಜಿಬಿ ಸಾಕು. ಸೈಬರ್‌ಪಂಕ್ 2077ರಂಥ ಭಾರಿ ಆಟವನ್ನು 1440ಪಿಯಲ್ಲಿ ಆಡುವ ಆಸೆಯಿದ್ದರೆ 16ಕ್ಕೇ ಹೋಗಿ. ಮೆಷಿನ್ ಲರ್ನಿಂಗ್ ಕಲಿಯುವವರಿಗೆ ಎನ್‌ವಿಡಿಯಾ ಕಾರ್ಡೇ ವಾಸಿ, ಯಾಕೆಂದರೆ ಆ ಕ್ಷೇತ್ರದ ಬಹುಪಾಲು ಸಾಫ್ಟ್‌ವೇರ್ ಅದರ ‘ಕೂಡಾ’ (CUDA) ವೇದಿಕೆಯನ್ನೇ ಆಧರಿಸಿದೆ. ಅದರ ಗೋಜಿಲ್ಲದೆ ಲಿನಕ್ಸ್ ಬಳಸುವವರಿಗೆ ಎಎಂಡಿ ಹೆಚ್ಚು ನಿರಾಳ: ಅದರ ಡ್ರೈವರ್ ಕರ್ನೆಲ್‌ನಲ್ಲೇ ಇದೆ.

ಪ್ರೊಸೆಸರ್ ಸರದಿ ಈಗ. ಆರು ಕೋರ್, ಹನ್ನೆರಡು ಥ್ರೆಡ್ಡಿನ, ಎಎಂಡಿಯ ರೈಜನ್ 5 7600ರಂಥದ್ದು ಆಟಕ್ಕೂ ಸಾಕು, ವಿದ್ಯಾರ್ಥಿಯ ಅಥವಾ ಹೊಸ ಡೆವಲಪರ್‌ನ ಕೆಲಸಕ್ಕೂ ಸಾಕು. ದೊಡ್ಡ ಸಿ++ ಅಥವಾ ರಸ್ಟ್ ಪ್ರಾಜೆಕ್ಟನ್ನು ದಿನವಿಡೀ ಕಂಪೈಲ್ ಮಾಡುವವರಿಗೆ ಮಾತ್ರ ಹೆಚ್ಚಿನ ಕೋರ್‌ಗಳಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆ. 7800ಎಕ್ಸ್3ಡಿಯಂಥ ಚಿಪ್ಪುಗಳ 96 ಎಂಬಿ ಎಲ್3 ಕ್ಯಾಶ್ ಆಟಕ್ಕೆ ಹೇಳಿ ಮಾಡಿಸಿದ್ದು. ಕೋಡಿಂಗಿಗೆ ಅದರಿಂದ ಅಷ್ಟೇನೂ ಲಾಭವಿಲ್ಲ. ನನ್ನ ಪ್ರಕಾರ ಇಲ್ಲಿ ಪ್ರೊಸೆಸರಿಗಿಂತ ಅದು ಕೂರುವ ಸಾಕೆಟ್ ಮುಖ್ಯ. ಎಎಂಡಿಯ ಎಎಂ5 ಸಾಕೆಟ್ 2022ರಲ್ಲಿ ಬಂತು, 2027ರವರೆಗೂ ಅದರಾಚೆಗೂ ಅದನ್ನು ಮುಂದುವರಿಸುವುದಾಗಿ ಕಂಪನಿ ಹೇಳಿದೆ. ಈಗ ಸಾಧಾರಣ ಚಿಪ್ ಹಾಕಿ, ಕೆಲಸ ಸಿಕ್ಕ ಮೇಲೆ ಬೋರ್ಡ್ ಬದಲಿಸದೆ ಅದನ್ನಷ್ಟೇ ಬದಲಿಸಬಹುದು. ಇಂಟೆಲ್‌ನ ಎಲ್‌ಜಿಎ1700 ಬೋರ್ಡು ಅಗ್ಗಕ್ಕೆ ಸಿಕ್ಕೀತು, ಆದರೆ ಅದರ ದಾರಿ 14ನೇ ತಲೆಮಾರಿಗೆ ಮುಗಿಯಿತು. 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಚಿಪ್ಪುಗಳಲ್ಲಿ ವೋಲ್ಟೇಜ್ ಸಂಬಂಧಿತ ದೋಷ ಕಂಡುಬಂದು, 2024ರಲ್ಲಿ ಇಂಟೆಲ್ ಮೈಕ್ರೋಕೋಡ್ ತಿದ್ದುಪಡಿ ಬಿಡುಗಡೆ ಮಾಡಿ ವಾರಂಟಿಯನ್ನೂ ಎರಡು ವರ್ಷ ವಿಸ್ತರಿಸಿತ್ತು. ಅಂಥದ್ದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹುಷಾರು.

ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಆ ಪ್ರೊಸೆಸರ್‌ನೊಳಗೆ ಗ್ರಾಫಿಕ್ಸ್ ಇಲ್ಲ. ಸ್ವಲ್ಪ ದುಡ್ಡು ಉಳಿಯುತ್ತದೆ, ನಿಜ. ಆದರೆ ಗ್ರಾಫಿಕ್ಸ್ ಕಾರ್ಡ್ ಕೆಟ್ಟು ವಾರಂಟಿಗೆ ಹೋದಷ್ಟು ದಿನವೂ ಪರದೆ ಖಾಲಿ. ಕೋಡಿಂಗ್ ಹೊಟ್ಟೆಪಾಡಾಗಿದ್ದರೆ ಆ ಉಳಿತಾಯ ಬೇಡ.

ರ‍್ಯಾಮ್ ವಿಚಾರ ಈಚೆಗೆ ತುಟ್ಟಿಯಾಗಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ್ದರಿಂದ 2025ರ ಕೊನೆಯಿಂದ ಡಿಡಿಆರ್5 ಬೆಲೆ ಗಗನಕ್ಕೇರಿತು. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವಹಿವಾಟನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಆದರೂ ಆಂಡ್ರಾಯ್ಡ್ ಸ್ಟುಡಿಯೋ, ಎಮ್ಯುಲೇಟರ್, ಡಾಕರ್, ಇಪ್ಪತ್ತು ಟ್ಯಾಬ್ ತೆರೆದ ಬ್ರೌಸರ್ ಎಲ್ಲ ಒಟ್ಟಿಗೆ ಓಡಬೇಕೆಂದರೆ 32 ಜಿಬಿ ಬೇಕೇ ಬೇಕು. ಒಂದೇ ಸಲಕ್ಕೆ ಕೈಗೆಟುಕದಿದ್ದರೆ ಏನು ಮಾಡುವುದು? ಅಂಗಡಿಯವರು 8 ಜಿಬಿಯ ಎರಡು ಸ್ಟಿಕ್ ಹಾಕಿ, ಮುಂದೆ ಇನ್ನೆರಡು ಸೇರಿಸಬಹುದು ಅನ್ನಬಹುದು. ಎಎಂ5ನಲ್ಲಿ ಈ ಲೆಕ್ಕ ಕೈಕೊಡುತ್ತದೆ. ರೈಜನ್ 7000 ಸರಣಿಗೆ ಎರಡು ಸ್ಟಿಕ್ಕಿದ್ದಾಗ ಎಎಂಡಿ ಕೊಡುವ ಅಧಿಕೃತ ವೇಗ 5200, ನಾಲ್ಕಾದರೆ 3600. ಅದರ ಬದಲು ಈಗ 16 ಜಿಬಿಯ ಒಂದೇ ಸ್ಟಿಕ್ ಹಾಕಿಸಿ, ಕೈಯಲ್ಲಿ ದುಡ್ಡಾದಾಗ ಅದೇ ಮಾದರಿಯ ಇನ್ನೊಂದನ್ನು ಸೇರಿಸಿ. ಅಲ್ಲಿಯವರೆಗೆ ಮೆಮೊರಿ ಒಂದೇ ಚಾನೆಲ್‌ನಲ್ಲಿ ಓಡುವುದರಿಂದ ಆಟದಲ್ಲಿ ಫ್ರೇಮ್ ಕಡಿಮೆಯಾಗುತ್ತದೆ. ಕೋಡಿಂಗಿಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ.

ಎಸ್‌ಎಸ್‌ಡಿ ಬಗ್ಗೆ ಹೆಚ್ಚು ಯೋಚನೆ ಬೇಡ: 1 ಟಿಬಿಯ ಜೆನ್4 ಎನ್‌ವಿಎಂಇ ಸಾಕು. ನೋಡಲು ಒಂದೇ ಥರ ಇರುವ ಎಂ.2 ಸಾಟಾ ಡ್ರೈವ್ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಂತುಬಿಡುತ್ತದೆ, ಅದನ್ನು ಕೊಳ್ಳಬೇಡಿ. ಆಟಕ್ಕೆ ವಿಂಡೋಸ್, ಕೆಲಸಕ್ಕೆ ಲಿನಕ್ಸ್ ಎನ್ನುವವರು ಎರಡು ಬೇರೆ ಡ್ರೈವ್ ಇಟ್ಟುಕೊಳ್ಳುವುದು ನೆಮ್ಮದಿ. ವ್ಯಾಲರಂಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ವಿಂಡೋಸ್ 11ರಲ್ಲಿ ಅದು ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಕೇಳುತ್ತದೆ. ಹಾಗಾಗಿ ಸೆಕ್ಯೂರ್ ಬೂಟ್ ಜೊತೆ ಹೊಂದಿಕೊಳ್ಳುವ ಉಬುಂಟು, ಫೆಡೋರಾದಂಥ ಡಿಸ್ಟ್ರೋ ಆರಿಸಿಕೊಳ್ಳಿ.

ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗೆ ಬರೋಣ. ಅಗ್ಗದ ಕೆಲವು ಕ್ಯಾಬಿನೆಟ್‌ಗಳ ಜೊತೆ ‘450 ವ್ಯಾಟ್’ ಎಂದು ಬರೆದ ಒಂದು ಡಬ್ಬಿ ಪುಕ್ಕಟೆ ಬರುತ್ತದೆ. ಅದರ ಪಕ್ಕದ ಸ್ಟಿಕರನ್ನು ಒಮ್ಮೆ ಓದಿ. +12ವಿ ಎಂಬ ಕಲಂನಲ್ಲಿರುವ ಆಂಪಿಯರನ್ನು 12ರಿಂದ ಗುಣಿಸಿ. ಅಲ್ಲಿ 18 ಎಂದಿದ್ದರೆ ಸಿಗುವುದು 216 ವ್ಯಾಟ್ ಅಷ್ಟೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕಬೇಕಾದದ್ದು ಅದರ ಮೇಲೆ. ಸರಿಯಾದ 550 ವ್ಯಾಟ್ ಯೂನಿಟ್ಟಿನಲ್ಲಿ ಅದೇ ಜಾಗದಲ್ಲಿ 45ರ ಆಸುಪಾಸಿನ ಅಂಕಿ ಇರುತ್ತದೆ. ನಮ್ಮ ಉದಾಹರಣೆಯ 7600 ಹೆಚ್ಚೆಂದರೆ 88 ವ್ಯಾಟ್ ಎಳೆಯುತ್ತದೆ, 5060 ಕಾರ್ಡ್ 145. ಬೋರ್ಡು, ಡ್ರೈವ್, ಫ್ಯಾನ್ ಸೇರಿದರೆ ಸುಮಾರು 300. ಕ್ಷಣಮಾತ್ರದ ಏರಿಳಿತಕ್ಕೂ ಮುಂದಿನ ಕಾರ್ಡಿಗೂ ಜಾಗ ಬಿಟ್ಟು 550–650 ವ್ಯಾಟ್ ತಗೊಳ್ಳಿ. ‘80 ಪ್ಲಸ್ ಬ್ರಾಂಜ್’, ‘ಗೋಲ್ಡ್’ ಎನ್ನುವುದು ವಿದ್ಯುತ್ತನ್ನು ಎಷ್ಟು ಕಡಿಮೆ ಪೋಲು ಮಾಡುತ್ತದೆ ಎಂಬುದರ ಗುರುತು, ಗುಣಮಟ್ಟದ ಪೂರ್ತಿ ಸರ್ಟಿಫಿಕೇಟ್ ಅಲ್ಲ. ಐದು ವರ್ಷ ಅಥವಾ ಹೆಚ್ಚಿನ ವಾರಂಟಿ ಇದೆಯಾ ಎಂದೂ ನೋಡಿ.

ಕರೆಂಟ್ ಹೋಗಿಬರುವ ಊರಿನಲ್ಲಿ ಯುಪಿಎಸ್ ಬೇಕು. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ತಡೆಯುವುದು 360 ವ್ಯಾಟ್ ಆಸುಪಾಸು. ಆಟದ ನಡುವೆ ಕರೆಂಟ್ ಹೋದರೆ ಅದೂ ಕೈಬಿಡಬಹುದು. 1000 ವಿಎ ಆದರೆ ಫೈಲ್ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ವ್ಯವಧಾನ ಸಿಗುತ್ತದೆ. ಮನೆಯ ಪ್ಲಗ್ಗಿನ ಅರ್ತಿಂಗ್ ಸರಿಯಿದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ತೋರಿಸಿಬಿಡಿ. ಗಾಳಿಯಾಡಲು ಕ್ಯಾಬಿನೆಟ್‌ಗೆ ಮುಂದೆ ಗಾಜಿಗಿಂತ ಜಾಲರಿ ಇರಲಿ, ರಾಯಚೂರು-ಕಲಬುರಗಿ ಕಡೆಯ ಬೇಸಿಗೆಗಂತೂ.

ಕೊಳ್ಳುವಾಗ ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇವೆ ಎಂದರೆ ಬೇಡ ಅನ್ನಿ. ಶೇಕಡಾ 18 ಜಿಎಸ್‌ಟಿ ಉಳಿಸಲು ಹೋಗಿ ವಾರಂಟಿಯನ್ನು ಕಳೆದುಕೊಳ್ಳಬಾರದು. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿರಲಿ, ಅದು ಡಬ್ಬಿಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ಎಂದು ಅಲ್ಲೇ ನಿಂತು ನೋಡಿ.

ಜೋಡಿಸುವಾಗ ನೆನಪಿರಲಿ, ಎಎಂ5ನಲ್ಲಿ ಪಿನ್‌ಗಳಿರುವುದು ಸಾಕೆಟ್‌ನಲ್ಲಿ. ಅದರ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬೇಡಿ, ಬೋರ್ಡ್ ವಾರಂಟಿಗೆ ಕಳಿಸುವಾಗ ಬೇಕಾಗುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಸ್ಟಿಕ್ ರ‍್ಯಾಮನ್ನು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಬೇಕು, ಮ್ಯಾನ್ಯುಯಲ್ ನೋಡಿಕೊಳ್ಳಿ. ಮಾನಿಟರಿನ ಕೇಬಲ್ ಹೋಗಬೇಕಾದದ್ದು ಗ್ರಾಫಿಕ್ಸ್ ಕಾರ್ಡಿಗೆ. ಬೋರ್ಡಿಗೆ ಸಿಕ್ಕಿಸಿದರೆ ದುಬಾರಿ ಕಾರ್ಡ್ ಹೆಚ್ಚು ಕಡಿಮೆ ಸುಮ್ಮನೆ ಕೂತಿರುತ್ತದೆ.

ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತಿದ್ದರೂ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಡಿಡಿಆರ್5 ಬೋರ್ಡು ಆಗ ರ‍್ಯಾಮಿನ ಜೊತೆ ಸಂಕೇತಗಳ ಸಮಯ ಹೊಂದಿಸಿಕೊಳ್ಳುತ್ತಿರುತ್ತದೆ. ಕೆಟ್ಟಿತು ಎಂದು ಸ್ವಿಚ್ ಆಫ್ ಮಾಡಿದರೆ ಅದು ಮತ್ತೆ ಮೊದಲಿಂದ ಶುರು. ಪರದೆ ಬಂದ ಮೇಲೆ ಬಯೋಸ್‌ಗೆ ಹೋಗಿ ರ‍್ಯಾಮಿನ ವೇಗದ ಪ್ರೊಫೈಲ್ ಆದ ‘ಎಕ್ಸ್‌ಪೋ’ ಆನ್ ಮಾಡಿ. ಇಲ್ಲದಿದ್ದರೆ 6000 ವೇಗದ ರ‍್ಯಾಮ್ 4800ರಂಥ ಮೂಲ ವೇಗದಲ್ಲೇ ಓಡುತ್ತಿರುತ್ತದೆ. ಎಕ್ಸ್‌ಪೋ ಹಾಕಿ ರೀಸ್ಟಾರ್ಟ್ ಕೊಟ್ಟಾಗ ಪರದೆ ಮತ್ತೊಮ್ಮೆ ಕಪ್ಪಾಗುತ್ತದೆ. ಆಗಲೂ ಕೈ ಸ್ವಿಚ್ಚಿನ ಕಡೆ ಹೋಗದಿರಲಿ.