ಜಾರ್ಜ್ ಹರ್ಸ್ಟ್: ಆಟಗಾರನೂ ಆಚಾರ್ಯನೂ

ವಿದ್ಯೆಯಲ್ಲಿ ತಾನು ನಿಪುಣನಾಗುವುದು ಬೇರೆ, ಆ ನೈಪುಣ್ಯವನ್ನು ಮತ್ತೊಬ್ಬನಲ್ಲಿ ನೆಲೆಗೊಳಿಸುವುದು ಬೇರೆ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ ನಾಟಕದಲ್ಲಿ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ವಾದಕ್ಕೆ ನಿಂತಾಗ, ಅವರ ಯೋಗ್ಯತೆಯನ್ನು ಅಳೆಯುವುದು ಅವರ ಸ್ವಂತ ನೃತ್ಯದಿಂದಲ್ಲ, ಶಿಷ್ಯೆಯ ಪ್ರಯೋಗದಿಂದ. ಈ ಮಾತು ರಂಗಮಂದಿರಕ್ಕೆ ಹೇಗೋ ಆಟದ ಬಯಲಿಗೂ ಹಾಗೆಯೇ ಸಲ್ಲುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಕ್ರಿಕೆಟಿಗ ಜಾರ್ಜ್ ಹರ್ಬರ್ಟ್ ಹರ್ಸ್ಟನ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನ.

ಹರ್ಸ್ಟನು ಹಡರ್ಸ್‌ಫೀಲ್ಡ್ ಪಟ್ಟಣದ ಬಳಿಯ ಕರ್ಕ್‌ಹೀಟನ್ ಎಂಬ ಹಳ್ಳಿಯಲ್ಲಿ 1871ರ ಸೆಪ್ಟೆಂಬರ್ 7ರಂದು ಜನಿಸಿದನು. ಹತ್ತನೆಯ ವಯಸ್ಸಿಗೇ ಶಾಲೆಯನ್ನು ಬಿಟ್ಟು ಕೈಮಗ್ಗದ ನೇಕಾರನೊಬ್ಬನ ಬಳಿ ದುಡಿದನು. ಅನಂತರ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸ ಮಾಡಿದನು. ಇಷ್ಟೇ ಓದಿದವನು ಮುಂದೆ ಇಂಗ್ಲೆಂಡಿನ ಅತ್ಯಂತ ಪ್ರತಿಷ್ಠಿತ ವಿದ್ಯಾಸಂಸ್ಥೆಯೊಂದರಲ್ಲಿ ಹದಿನೆಂಟು ವರ್ಷ ಶಿಕ್ಷಕನಾಗಿದ್ದನೆಂಬುದು ಗಮನಾರ್ಹವಾದ ಸಂಗತಿ.

ಅಂದಿನ ಕ್ರಿಕೆಟ್ಟಿನಲ್ಲಿ ಎರಡು ವರ್ಗಗಳಿದ್ದುವು. ಹಣ ಪಡೆಯದೆ ಆಡುವ ಸಿರಿವಂತರು ಹವ್ಯಾಸಿಗಳು. ಕೂಲಿಗಾಗಿ ಆಡುವವರು ವೃತ್ತಿ ಆಟಗಾರರು. ಒಂದೇ ತಂಡದಲ್ಲಿ ಆಡುತ್ತಿದ್ದರೂ ಇವರಿಗೆ ಬಟ್ಟೆ ಬದಲಿಸುವ ಕೋಣೆಗಳು ಬೇರೆ, ಎಷ್ಟೋ ಕಡೆಗಳಲ್ಲಿ ಬಯಲಿಗಿಳಿಯುವ ಬಾಗಿಲೂ ಬೇರೆ. ನಾಯಕತ್ವವೆಂಬುದು ಹವ್ಯಾಸಿಗಳ ಸೊತ್ತೇ ಆಗಿತ್ತು. ಈ ಭೇದವು ಅಳಿದದ್ದು 1962ರಲ್ಲಿ. ಯಾರ್ಕ್‌ಷೈರಿನ ನಾಯಕ ಲಾರ್ಡ್ ಹಾಕ್‌ನು ತನ್ನ ವೃತ್ತಿ ಆಟಗಾರರಿಗೆ ಆಟವಿಲ್ಲದ ಚಳಿಗಾಲದಲ್ಲಿಯೂ ಸಂಬಳ ಬರುವಂತೆ ಏರ್ಪಡಿಸಿದುದು ಅವರಿಗೆ ದೊಡ್ಡ ಆಸರೆಯಾಯಿತು. ಹರ್ಸ್ಟನ ಗೌರವಾರ್ಥವಾಗಿ 1904ರಲ್ಲಿ ನಡೆದ ಸಹಾಯನಿಧಿ ಪಂದ್ಯದಿಂದ 3,703 ಪೌಂಡುಗಳು ಕೂಡಿಬಂದುವು. ಜನರಿಗೆ ಅವನಲ್ಲಿದ್ದ ಪ್ರೀತಿಯು ಇದರಿಂದ ತಿಳಿಯುತ್ತದೆ.

ಅವನು ಬಲಗೈ ದಾಂಡಿಗ, ಎಡಗೈ ಎಸೆತಗಾರ. ಹೊಸ ಚೆಂಡು ಅವನ ಕೈಯಿಂದ ಹೊರಟು ಬಹುದೂರ ನೇರವಾಗಿ ಬಂದಂತೆ ತೋರಿ, ಕಡೆಯ ಗಳಿಗೆಯಲ್ಲಿ ಗಾಳಿಯಲ್ಲಿಯೇ ಬಾಗಿ ಬಲಗೈ ದಾಂಡಿಗನ ವಿಕೆಟ್ಟಿನತ್ತ ನುಗ್ಗುತ್ತಿತ್ತು. ಚೆಂಡಿನ ಹೊಳಪು ಹೋದಮೇಲೆ ಆ ಬಾಗು ಉಳಿಯುತ್ತಿರಲಿಲ್ಲ. 1905ರಲ್ಲಿ ಲೆಸ್ಟರ್‌ಷೈರಿನ ವಿರುದ್ಧ ಅವನು ಹೊಡೆದ 341 ಓಟಗಳು ಯಾರ್ಕ್‌ಷೈರಿನ ಪರವಾಗಿ ಒಬ್ಬ ಆಟಗಾರನು ಒಂದು ಸರದಿಯಲ್ಲಿ ಗಳಿಸಿದ ಅತ್ಯಧಿಕ ಮೊತ್ತ. 1906ರ ಸಾಧನೆಯಂತೂ ಅಸಾಧಾರಣ: ಒಂದೇ ಋತುವಿನಲ್ಲಿ 2,385 ಓಟಗಳು, 208 ವಿಕೆಟ್ಟುಗಳು. ಎರಡು ಸಾವಿರ ಓಟಗಳನ್ನೂ ಇನ್ನೂರು ವಿಕೆಟ್ಟುಗಳನ್ನೂ ಒಂದೇ ಋತುವಿನಲ್ಲಿ ಪಡೆದವರು ಅವನ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಇಂಗ್ಲೆಂಡಿನ ಪರವಾಗಿ ಆಡಿದ 24 ಟೆಸ್ಟುಗಳಲ್ಲಿ ಮಾತ್ರ ಅವನ ಫಲ ಸಾಧಾರಣವೇ ಎನ್ನಬೇಕು.

ಆದರೂ ಒಂದು ಟೆಸ್ಟನ್ನು ಮರೆಯುವಂತಿಲ್ಲ. 1902ರಲ್ಲಿ ಲಂಡನ್ನಿನ ಓವಲ್ ಬಯಲಿನಲ್ಲಿ ಆಸ್ಟ್ರೇಲಿಯದ ವಿರುದ್ಧ ಕೊನೆಯ ಜೋಡಿಯಾಗಿ ಹರ್ಸ್ಟ್ ಮತ್ತು ವಿಲ್‌ಫ್ರೆಡ್ ರೋಡ್ಸ್ ಕೂಡಿದಾಗ ಗೆಲುವಿಗೆ ಇನ್ನೂ 15 ಓಟಗಳು ಬೇಕಾಗಿದ್ದುವು. ಇಬ್ಬರೂ ಧೃತಿಗೆಡದೆ ಅವನ್ನು ಪಡೆದರು. ಹರ್ಸ್ಟನು 58 ಓಟಗಳೊಡನೆ ಅಜೇಯನಾಗುಳಿದನು. ಒಂದೊಂದಾಗಿಯೇ ಓಟ ಗಳಿಸೋಣವೆಂದು ಅವನು ರೋಡ್ಸನಿಗೆ ಹೇಳಿದನೆಂಬ ಕಥೆ ಲೋಕಪ್ರಸಿದ್ಧ. ಆದರೆ ಅವರು ಅದನ್ನು ಒಪ್ಪಲಿಲ್ಲ, ಓಟಗಳೆಲ್ಲವೂ ಒಂದೊಂದಾಗಿ ಬಂದುವೂ ಅಲ್ಲ. ಸೊಗಸಾದ ಕಥೆಯನ್ನು ಬಿಟ್ಟುಕೊಡಲು ಜನರಿಗೆ ಮನಸ್ಸು ಬಾರದು. ಈ ರೋಡ್ಸನೂ ಕರ್ಕ್‌ಹೀಟನ್ನಿನವನೇ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

1920ರಲ್ಲಿ ಹರ್ಸ್ಟನು ಈಟನ್ ಶಾಲೆಯ ಕ್ರಿಕೆಟ್ ಶಿಕ್ಷಕನಾದನು. ರಾಜಮನೆತನಗಳ, ಮಂತ್ರಿಗಳ, ಭೂಸ್ವಾಮಿಗಳ ಮಕ್ಕಳು ಓದುವ ಶಾಲೆಯದು. ಬಯಲಿನಲ್ಲಾದರೆ ಇಂಥವರು ಸ್ವಾಮಿಗಳು, ಅವನು ಕೂಲಿಯವನು. ನೆಟ್ಟಿನೊಳಗೆ ಅವರು ಶಿಷ್ಯರು, ಅವನು ಗುರು. ಈ ತಲೆಕೆಳಗಾದ ಸಂಬಂಧದಲ್ಲಿ ಅವನು ಗರ್ವಪಡಲೂ ಇಲ್ಲ, ಕುಗ್ಗಲೂ ಇಲ್ಲ. ಅವನನ್ನು ಬಲ್ಲವರೆಲ್ಲರೂ ಒಕ್ಕೊರಲಿನಿಂದ ಹೇಳುವುದು ಅವನ ತಾಳ್ಮೆಯನ್ನು, ಎಂದೂ ಮಾಸದ ನಗೆಮೊಗವನ್ನು.

ಈಟನ್ನಿನ ಚಿರಪ್ರತಿಸ್ಪರ್ಧಿ ಹ್ಯಾರೋ ಶಾಲೆ. ಇವೆರಡರ ವಾರ್ಷಿಕ ಪಂದ್ಯವು ಲಾರ್ಡ್ಸ್ ಬಯಲಿನಲ್ಲಿ ನಡೆಯುತ್ತಿತ್ತು. 1930ರ ದಶಕದಲ್ಲಿ ಹ್ಯಾರೋ ಶಾಲೆಯವರು ಶಿಕ್ಷಕನನ್ನಾಗಿ ಕರೆದುಕೊಂಡದ್ದು ಬೇರೆ ಯಾರನ್ನೂ ಅಲ್ಲ, ಅದೇ ವಿಲ್‌ಫ್ರೆಡ್ ರೋಡ್ಸನನ್ನು! ಒಂದೇ ಹಳ್ಳಿಯ ಇಬ್ಬರು ಎರಡು ಮಹಾಶಾಲೆಗಳ ಗುರುಗಳಾಗಿ ಎದುರುಬದುರಾದರು. ವಿಕೆಟ್ಟುಗಳ ಲೆಕ್ಕದಲ್ಲಿ ರೋಡ್ಸನು ಹರ್ಸ್ಟನಿಗಿಂತ ಬಹು ದೊಡ್ಡವನು. ಪ್ರಥಮ ದರ್ಜೆಯ ಆಟದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ವಿಕೆಟ್ಟುಗಳನ್ನು ಪಡೆದವನು ಅವನೊಬ್ಬನೇ. ಆದರೆ ಶಿಕ್ಷಕವೃತ್ತಿಯು ಅವನಿಗೆ ಒಗ್ಗಲಿಲ್ಲ. ತನಗೆ ಸುಲಭವಾದುದು ಹುಡುಗನಿಗೇಕೆ ಕಷ್ಟವೆಂಬುದನ್ನು ತಿಳಿಯುವುದು ಮಹಾನಿಪುಣರಿಗೇ ದುಸ್ತರವೇನೋ. ಹರ್ಸ್ಟನಿದ್ದ ಕಾಲದಲ್ಲಿ ಈಟನ್ ಒಮ್ಮೆಯೂ ಹ್ಯಾರೋಗೆ ಸೋಲಲಿಲ್ಲ. ಇದನ್ನೆಲ್ಲ ಗುರುವಿನ ಲೆಕ್ಕಕ್ಕೇ ಬರೆದರೆ ಅತಿಶಯೋಕ್ತಿಯಾದೀತು. ಹ್ಯಾರೋ ಕಡೆಯ ಸಲ ಗೆದ್ದದ್ದು ಅವನು ಬರುವುದಕ್ಕೆ ಬಹು ಮೊದಲು, 1908ರಲ್ಲಿ. ಅವನು ಶಾಲೆಯನ್ನು ಬಿಟ್ಟ ಮರುವರ್ಷ, 1939ರಲ್ಲಿ, ಹ್ಯಾರೋ ಗೆದ್ದದ್ದೂ ನಿಜ.

ಸಿರಿವಂತರ ಮಕ್ಕಳಿಗೆ ಕಲಿಸುತ್ತಲೇ ಅವನು ತನ್ನ ಕೌಂಟಿಯ ಬಡ ಹುಡುಗರನ್ನು ಮರೆಯಲಿಲ್ಲ. ಲೀಡ್ಸಿನ ಹೆಡಿಂಗ್ಲೆಯಲ್ಲಿ ಯಾರ್ಕ್‌ಷೈರಿನ ಎಳೆಯರನ್ನು ಪರೀಕ್ಷಿಸಿ ತಿದ್ದುವ ಹೊಣೆ ಅವನದಾಗಿತ್ತು. 1930ರಲ್ಲಿ ಪಡ್ಸೆಯ ಲೆನ್ ಹಟನ್ ಎಂಬ ಬಾಲಕನು ಅಲ್ಲಿಗೆ ಬಂದನು. ಹರ್ಸ್ಟನು ಅವನ ಆಟವನ್ನು ಕಣ್ಣಿಟ್ಟು ನೋಡಿ, ಇವನಲ್ಲಿ ತಿದ್ದಬೇಕಾದುದು ಹೆಚ್ಚೇನೂ ಇಲ್ಲವೆಂದು ಕಂಡುಕೊಂಡನು. ಬೇರೊಬ್ಬನಾಗಿದ್ದರೆ ತನ್ನ ಗುರುತ್ವವನ್ನು ಮೆರೆಯಲಾದರೂ ಹಿಡಿತವನ್ನೋ ನಿಲುವನ್ನೋ ಬದಲಿಸುತ್ತಿದ್ದನು. ಕೈಯಿಡದೆ ಬಿಡಬೇಕಾದುದನ್ನು ಬಿಡುವುದೂ ಬೋಧನೆಯ ಒಂದು ಅಂಗವೇ. ಆ ಹಟನ್ನನು 1938ರಲ್ಲಿ ಅದೇ ಓವಲ್ಲಿನಲ್ಲಿ ಆಸ್ಟ್ರೇಲಿಯದ ವಿರುದ್ಧ 364 ಓಟಗಳನ್ನು ಹೊಡೆದನು. 1952ರಲ್ಲಿ, ಆ ಶತಮಾನದಲ್ಲಿ ವೃತ್ತಿ ಆಟಗಾರರಿಗೆ ಅದುವರೆಗೆ ದಕ್ಕದಿದ್ದ ಇಂಗ್ಲೆಂಡಿನ ನಾಯಕಪದವಿಗೆ ವಿಧಿವತ್ತಾಗಿ ನೇಮಕಗೊಂಡನು. ಗುರುವಿಗೆ ತೆರೆಯದಿದ್ದ ಬಾಗಿಲು ಶಿಷ್ಯನಿಗೆ ತೆರೆಯಿತು.

ಅಷ್ಟರಲ್ಲಿ ಗುರುವಿಗೂ ಒಂದು ಬಾಗಿಲು ತೆರೆದಿತ್ತು. 1949ರಲ್ಲಿ ಲಾರ್ಡ್ಸಿನ ಎಂ.ಸಿ.ಸಿ. ಸಂಸ್ಥೆಯು ನಿವೃತ್ತ ವೃತ್ತಿ ಆಟಗಾರರು 26 ಮಂದಿಗೆ ಗೌರವ ಆಜೀವ ಸದಸ್ಯತ್ವವನ್ನು ನೀಡಿತು. ಅವರಲ್ಲಿ ಹರ್ಸ್ಟನೂ ಇದ್ದನು, ರೋಡ್ಸನೂ ಇದ್ದನು. ಹಟನ್ನನು ಇಂಗ್ಲೆಂಡಿಗೆ ನಾಯಕನಾಗಿ ಆಸ್ಟ್ರೇಲಿಯವನ್ನು ಸೋಲಿಸಿದ ಮರುವರ್ಷ, 1954ರ ಮೇ 10ರಂದು, ಹರ್ಸ್ಟನು ತನ್ನ 82ನೆಯ ವಯಸ್ಸಿನಲ್ಲಿ ಹಡರ್ಸ್‌ಫೀಲ್ಡಿನಲ್ಲಿ ಕಾಲವಾದನು.