ಕೋಮೊ ದಡದಲ್ಲಿ ಒಣಮೀನು!

ಹೌದು, ಒಣಮೀನೇ! ಇಟಲಿಯ ಕೋಮೊ ಸರೋವರದ ದಡದಲ್ಲಿ, ಹಾಲಿವುಡ್ ನಟರು ಬಂಗಲೆ ಕೊಳ್ಳುವ ಊರುಗಳಲ್ಲಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ತೂಗುಬಿಟ್ಟ ಒಣಮೀನು! ಕೋಮೊ ಎಂದರೆ ರೇಷ್ಮೆ, ಅರಮನೆಯಂಥ ಮನೆ, ಹೂದೋಟ ಎಂದಷ್ಟೇ ನಂಬಿಕೊಂಡಿದ್ದವನಿಗೆ ಇದು ಗೊತ್ತಾದಾಗ ಆದ ಬೆರಗು ಇನ್ನೂ ಇಳಿದಿಲ್ಲ.

ಮೀನಿನ ಹೆಸರು ಅಗೋನೆ. ತೆಳ್ಳಗೆ, ಬೆಳ್ಳಿಯಂತೆ ಹೊಳೆಯುವ ಜೀವ. ಅದರ ಕುಲ ಕೇಳಿದರೆ ಇನ್ನೂ ಅಚ್ಚರಿ: ನಮ್ಮ ಕರಾವಳಿಯ ಬೂತಾಯಿಗೆ ಅದು ದೂರದ ನೆಂಟ! ಅದರ ಪೂರ್ವಜರು ಉಪ್ಪುನೀರಿನವರು. ಈ ಸರೋವರದ ನೀರು ಆದ್ದಾ ನದಿಯಾಗಿ ಹೊರಬಿದ್ದು, ಪೋ ನದಿ ಸೇರಿ ಏಡ್ರಿಯಾಟಿಕ್ ಕಡಲಿಗೆ ಹೋಗುತ್ತದೆ. ಅಗೋನೆ ಮಾತ್ರ ಕಡಲ ಕಡೆಗೆ ತಿರುಗಿ ನೋಡದೆ, ಆಲ್ಪ್ಸ್ ಬೆಟ್ಟಗಳ ಬುಡದ ಈ ಸಿಹಿನೀರಲ್ಲೇ, 400 ಮೀಟರಿಗೂ ಮಿಕ್ಕ ಆಳದ ಈ ಮಡುವಿನಲ್ಲೇ ಸಂಸಾರ ಹೂಡಿಬಿಟ್ಟಿದೆ.

ಬೇಸಿಗೆಯ ಮೊದಲಲ್ಲಿ ಮೊಟ್ಟೆಯಿಡಲು ಅದು ದಡಕ್ಕೆ ಬರುವಾಗ ಸಿಕ್ಕ ಮೀನನ್ನು ಏನು ಮಾಡುತ್ತಾರೆ ಗೊತ್ತೇ? ಕರುಳು ತೆಗೆದು ತೊಳೆದು, ಒಂದೆರಡು ದಿನ ಉಪ್ಪಿನಲ್ಲಿಡುತ್ತಾರೆ. ಆಮೇಲೆ ದಾರಕ್ಕೆ ಪೋಣಿಸಿ ಸಾಲುಸಾಲಾಗಿ ಗಾಳಿ ಬಿಸಿಲಿಗೆ ನೇತುಹಾಕುತ್ತಾರೆ. ಇಲ್ಲಿಗೆ ಮುಗಿಯಿತು ಎಂದುಕೊಂಡಿರೋ, ಅಸಲು ಕಸುಬು ಇನ್ನು ಶುರು! ಒಣಗಿದ ಮೀನನ್ನು ಡಬ್ಬಿಯೊಳಗೆ ಒತ್ತೊತ್ತಾಗಿ ಜೋಡಿಸಿ, ಪದರಗಳ ನಡುವೆ ಲಾರೆಲ್ ಎಲೆ ಹಾಸುತ್ತಾರೆ. ಈ ಲಾರೆಲ್ ನಮ್ಮ ಪಲಾವ್ ಎಲೆಯ ಕುಟುಂಬದ್ದೇ. ಮೇಲೆ ಭಾರ ಹೇರಿದರೆ ಮೀನಿನ ಕೊಬ್ಬು ಕರಗಿ ಎಣ್ಣೆಯಾಗಿ ಮೇಲಕ್ಕೆ ಬರುತ್ತದೆ. ಅದರಡಿ ಮೀನು ತಿಂಗಳುಗಟ್ಟಲೆ ಹದವಾಗುತ್ತದೆ. ನಾವು ಉಪ್ಪಿನಕಾಯಿ ಜಾಡಿಯಲ್ಲಿ ಎಣ್ಣೆ ಮೇಲೆ ನಿಲ್ಲುವ ಹಾಗೆ ನೋಡಿಕೊಳ್ಳುವುದಿಲ್ಲವೇ, ಅದೇ ಜಾಣತನ. ಇಲ್ಲಿ ಎಣ್ಣೆಯನ್ನೂ ಮೀನೇ ಕೊಡುತ್ತದೆ! ಹೀಗೆ ಮಾಗಿದ ಮೀನೇ ಮಿಸ್ಸೊಲ್ತಿನಿ. ಕೆಂಡದ ಮೇಲೆ ತುಸು ಬಿಸಿ ಮಾಡಿ, ವಿನೆಗರ್ ಚಿಮುಕಿಸಿ, ಸುಟ್ಟ ಪೊಲೆಂತಾ ಬಿಲ್ಲೆಯ ಜತೆ ತಿನ್ನುತ್ತಾರೆ.

ಪೊಲೆಂತಾ ಎಂದರೆ ಅವರ ಮುದ್ದೆ, ಮೆಕ್ಕೆಜೋಳದ್ದು. ತಾಮ್ರದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಕೋಲಾಡಿಸಬೇಕು, ಗಂಟು ಕಟ್ಟಬಾರದು. ರಾಗಿಮುದ್ದೆ ತೊಳಸಿದ ಕೈಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ. ಆದರೆ ಸರೋವರದ ಎರಡು ಕವಲು ಕೂಡುವ ಮೂಲೆಯಲ್ಲಿರುವ ಬೆಲ್ಲಾಜೊದವರು ಅದಕ್ಕೆ ಬೆಣ್ಣೆಯ ಮೇಲೆ ಬೆಣ್ಣೆ, ಜತೆಗೆ ಚೀಸು ತೊಳಸಿ 'ತೊಕ್' ಮಾಡುತ್ತಾರೆ. ಎಲ್ಲರೂ ಒಂದೇ ಪಾತ್ರೆಯ ಸುತ್ತ ಕೂತು ಕೈಯಿಂದಲೇ ತಿನ್ನುವ ಅಡುಗೆ ಇದು. ಯುರೋಪಿನಲ್ಲಿ, ಕೈಯಲ್ಲಿ! ನಂಜಿಕೊಳ್ಳಲು ಮಿಸ್ಸೊಲ್ತಿನಿ. ಕೊನೆಗೆ ಬಿಸಿ ಮಾಡಿದ ಕೆಂಪು ವೈನು.

ಇದನ್ನೆಲ್ಲ ಶ್ರೀಮಂತರ ಖಯಾಲಿ ಎಂದುಕೊಳ್ಳಬೇಡಿ. ಬಾಲ್ಯದ ದೊಡ್ಡ ಭಾಗವನ್ನು ಇದೇ ದಡದ ಲೆಕ್ಕೊ ಊರಿನಲ್ಲಿ ಕಳೆದ ಅಲೆಸಾಂದ್ರೊ ಮಾಂಝೋನಿ ತನ್ನ ಮಹಾಕಾದಂಬರಿ 'ಇ ಪ್ರೊಮೆಸ್ಸಿ ಸ್ಪೊಸಿ'ಯನ್ನು ತೆರೆಯುವುದೇ ಈ ಸರೋವರದ ದಡದಲ್ಲಿ, 1628ರಲ್ಲಿ. ಅದರಲ್ಲಿ ತೋನಿಯೊ ಎಂಬ ರೈತ ಪೊಲೆಂತಾ ತೊಳಸುತ್ತಿರುತ್ತಾನೆ, ಮಕ್ಕಳು ಪಕ್ಕದಲ್ಲೇ ನಿಂತು ನೋಡುತ್ತಿರುತ್ತಾರೆ. ಬರಗಾಲ, ಹಸಿವು ದೊಡ್ಡದು, ಮುದ್ದೆ ಚಿಕ್ಕದು. ಅದರ ಬಣ್ಣ ಬೂದು! ಏಕೆಂದರೆ ಅದು ಬಕ್‌ವೀಟ್ ಹಿಟ್ಟಿನದು, ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಅದೇ ಕುಟ್ಟು. ಇಂದು ಊರೆಲ್ಲ ಹಳದಿ ಮಾಡಿರುವ ಮೆಕ್ಕೆಜೋಳ ಅಮೆರಿಕದಿಂದ ಬಂದ ಹೊಸ ನೆಂಟ.

ಇನ್ನೂ ಏನೇನಿದೆ! ಸೇಜ್ ಸೊಪ್ಪಿನ ಬೆಣ್ಣೆ ಸುರಿದ ಅನ್ನದ ಮೇಲೆ ಹುರಿದ ಪರ್ಚ್ ಮೀನು. ಒಳಗೆ ಆಲಿವ್ ಕಡ್ಡಿ ಇಟ್ಟೇ ಸುಡುವ, ಈಸ್ಟರ್ ಹಿಂದಿನ ಭಾನುವಾರದ ಸಿಹಿ ಬ್ರೆಡ್ಡು 'ರೆಸ್ತಾ'. ಹಳಸಲು ಬ್ರೆಡ್ಡನ್ನೂ ಬಿಸಾಡದೆ ಹಾಲಲ್ಲಿ ನೆನೆಸಿ, ಸೇಬು, ಪೇರು, ಒಣದ್ರಾಕ್ಷಿ ಸೇರಿಸಿ ಬೇಯಿಸುವ 'ಮಿಯಾಷಾ'. ಹೊಗಳಿಕೆ ಹೆಚ್ಚಾಯಿತೇನೋ. ಆದರೂ ಇವೆಲ್ಲದರಲ್ಲಿ ನನ್ನ ವೋಟು ಮಿಯಾಷಾಕ್ಕೇ: ಬಡ ಅಡುಗೆಮನೆಯ ಜಾಣ್ಮೆ ಅದರಲ್ಲಿದ್ದಷ್ಟು ಬೇರೆಲ್ಲೂ ಇಲ್ಲ.

ಮಿಲಾನಿಗೆ ಕೆಲಸಕ್ಕೋ ಓದಿಗೋ ಹೋಗಿರುವ ಕನ್ನಡಿಗರೇ, ಕೋಮೊ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ದೋಣಿ ಹತ್ತಿ ಬೆಲ್ಲಾಜೊಗೆ ಹೋಗಿ. ಪಿಜ್ಜಾ ಎಲ್ಲಾದರೂ ಸಿಗುತ್ತದೆ. ಅಲ್ಲಿ ತೊಕ್ ಇದೆಯಾ ಅಂತ ಕೇಳಿ, ಕೈ ತೊಳೆದುಕೊಂಡು ಕೂತುಕೊಳ್ಳಿ.